ಎದೆಗೆ ಕರೆಂಟ್ ಕೊಡಿಸುವ ಮುಂಚೆ: ಅವ್ವನ ಜೊತೆ ಹೋಗಿ ಬಂದವಳ ಮಾತು

"ಎದಿಗೆ ಕರೆಂಟ್ ಕೊಟ್ರ ಗುಂಡಗಿ ಸುಟ್ಟು ಹೋಗಂಗಿಲ್ಲೇನವಾ?"

ಜಮಖಂಡಿಯಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ಅವ್ವ ಇದನ್ನೇ ಕೇಳುತ್ತಾ ಬಂದಳು. ಅವಳಿಗೆ 67 ವರ್ಷ. ಎದೆಬಡಿತ ತಾಳ ತಪ್ಪಿ ತಿಂಗಳುಗಳೇ ಆಗಿದ್ದವು. ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಗುಂಡಿಗೆಯ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಸುಮ್ನೆ ಅದುರುತ್ತಿರುತ್ತವೆ. ಕಾರ್ಡಿಯೋವರ್ಷನ್, ಅಂದರೆ ಎದೆಗೆ ಕರೆಂಟಿನ ಶಾಕ್, ಮಾಡಿಸಿದರೆ ತಾಳಕ್ಕೆ ಬರಬಹುದು ಎಂದರು.

ಮೊದಲು ಅವ್ವನ ಪ್ರಶ್ನೆಗೆ ಉತ್ತರ. ಗುಂಡಿಗೆಯ ಸ್ನಾಯುವಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ಏರುತ್ತದೆ. ಹಾರ್ಟ್ ಅಟ್ಯಾಕ್ ಆಗಿದೆಯೇ ಎಂದು ನೋಡೋದೂ ಅದನ್ನೇ. ಕಾರ್ಡಿಯೋವರ್ಷನ್ ಆದವರಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ, ಏರಿದರೂ ತೀರಾ ಸ್ವಲ್ಪ. ಸಿಪಿಕೆ ಎಂಬ ಇನ್ನೊಂದು ರಕ್ತಪರೀಕ್ಷೆಯ ಅಂಕಿ ಮಾತ್ರ ಜಾಸ್ತಿ ಬರಬಹುದು. ಅದು ಎದೆಯ ಮೇಲಿನ ಮಾಂಸಖಂಡದಿಂದ ಬಂದದ್ದು, ಗುಂಡಿಗೆಯಿಂದಲ್ಲ. ರಿಪೋರ್ಟಿನಲ್ಲಿ ಆ ಅಂಕಿ ನೋಡಿ ಹೆದರಬೇಡಿ. ನಿಜ ಹೇಳಬೇಕೆಂದರೆ, ತಿಂಗಳುಗಟ್ಟಲೆ ಜೋರಾಗಿ ಬಡಿಯುತ್ತಾ ಹೋದರೆ ಗುಂಡಿಗೆ ಸೋಲುತ್ತದೆ. ತಾಳಕ್ಕೆ ಬಂದ ಮೇಲೆ ಎಷ್ಟೋ ಜನರಲ್ಲಿ ಅದು ಚೇತರಿಸಿಕೊಳ್ಳುತ್ತದೆ.

ಹಳೆಯ ಭಯಕ್ಕೂ ಕಾರಣ ಇದೆ. ಹಿಂದೆ ಮನೆಯ ದೀಪಕ್ಕೆ ಬರುವಂಥ ಎಸಿ ಕರೆಂಟನ್ನೇ ಬಳಸುತ್ತಿದ್ದರು, ಅಪಾಯ ಜಾಸ್ತಿ ಇತ್ತು. 1962ರಲ್ಲಿ ಬಾಸ್ಟನ್‌ನ ಡಾ. ಬರ್ನಾರ್ಡ್ ಲೌನ್ ಮತ್ತು ಜೊತೆಯವರು ಡಿಸಿ ಶಾಕ್‌ನ ದಾರಿ ತೋರಿಸಿದರು. ಈಗಿನ ಮಷಿನ್ ಇಸಿಜಿಯ ಗೆರೆ ನೋಡಿ, ಸರಿಯಾದ ಗಳಿಗೆಗೆ ಮಾತ್ರ ಕರೆಂಟ್ ಬಿಡುತ್ತದೆ. ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ.

ಹಾಗಾದರೆ ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ? ರಕ್ತದ ಗಡ್ಡೆಗೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ತಾಳ ಮರಳಿದಾಗ ಆ ಗಡ್ಡೆ ಕಳಚಿಕೊಂಡು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ 48 ಗಂಟೆಗಿಂತ ಹಳೆಯ ತೊಂದರೆಯಾಗಿದ್ದರೆ, ಅಥವಾ ಯಾವಾಗ ಶುರುವಾಯಿತು ಅಂತ ಗೊತ್ತಿಲ್ಲದಿದ್ದರೆ, ಕನಿಷ್ಠ 3 ವಾರ ರಕ್ತ ತೆಳುವಾಗಿಸುವ ಗುಳಿಗೆ ತಪ್ಪದೆ ನುಂಗಿರಬೇಕು.

ಇಲ್ಲಿ ನಾವು ಎಡವಿದೆವು. ಅವ್ವನಿಗೆ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಗುಳಿಗೆ ಇತ್ತು. ರಬಕವಿಯ ಮದುವೆಗೆ ಹೋದಾಗ ಗುಳಿಗೆ ಡಬ್ಬಿ ಮನೆಯಲ್ಲೇ ಉಳಿಯಿತು. ಎರಡು ರಾತ್ರಿ ತಪ್ಪಿತು. ಬೆಳಗಾವಿಯಲ್ಲಿ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಅಂಕಿ, ನೋಡಿದರೆ 1.6. ಅದು 2ರಿಂದ 3ರ ನಡುವೆ ಇರಬೇಕು. ವೈದ್ಯರು ಶಾಕ್ ಕೊಡಲಿಲ್ಲ. ಮತ್ತೆ ಮೊದಲಿನಿಂದ 3 ವಾರ ಎಣಿಸಿದೆವು. ಅನ್ನನಾಳದೊಳಗಿಂದ ಎಕೋ (ಗುಂಡಿಗೆಯ ಸ್ಕ್ಯಾನ್) ಮಾಡಿ, ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವ ದಾರಿಯೂ ಇದೆ, ಕೇಳಿ ನೋಡಿ. ಸೊಪ್ಪು ತಿಂದರೆ ವಾರ್ಫರಿನ್‌ನ ಕೆಲಸ ತಗ್ಗುತ್ತದೆ, ಆದರೂ ಮೆಂತ್ಯ ಸೊಪ್ಪು, ಪಾಲಕ್ ಬಿಡಬೇಕಿಲ್ಲ. ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಮಾತ್ರ ಮಾಡಬೇಡಿ.

ಎರಡನೇ ಸಲ ಹಿಂದಿನ ದಿನವೇ ಹೋಗಿ ಬೆಳಗಾವಿಯ ಟಿಳಕವಾಡಿಯಲ್ಲಿ ತಂಗಿಯ ಮನೆಯಲ್ಲಿ ಉಳಿದೆವು. ಹೊಟ್ಟೆ ಖಾಲಿ ಇರಬೇಕು, ಸಾಮಾನ್ಯವಾಗಿ 6 ಗಂಟೆ ಏನೂ ತಿನ್ನಬಾರದು. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ಡಿಗಾಕ್ಸಿನ್ ಎಂಬ ಗುಂಡಿಗೆಯ ಗುಳಿಗೆ ತಗೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಬಾಯಿಬಿಟ್ಟು ಹೇಳಿ. ಪೊಟ್ಯಾಶಿಯಂ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡುತ್ತಾರೆ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಶಾಕ್ ಕೊಡುವ ಪ್ಯಾಡ್ ಅಂಟುವುದಿಲ್ಲ.

ಕೊರಳಲ್ಲಿ ಲೋಹ ಇರಬಾರದು ಅಂದಾಗ ಅವ್ವ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು. ನರ್ಸ್ ಒಬ್ಬರು, "ಅರಿಶಿನ ಕೊಂಬು ಕಟ್ಟರಿ, ಅಮ್ಮಾರ, ಮುಂಗೈಗೆ" ಅಂದರು. ತಂಗಿ ಮನೆಯಿಂದ ತಂದಳು. ಅಪ್ಪ ದಾರ ಸುತ್ತಿ, ನಡುಗುವ ಕೈಯಲ್ಲಿ ಗಂಟು ಹಾಕಿದರು. ಆಮೇಲೆ ಅವಳೇ ತಾಳಿ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ನೀವು ಕೊಂಬನ್ನು ಮನೆಯಿಂದಲೇ ಒಯ್ಯಿರಿ.

ನಿದ್ದೆ ಬರಿಸಿ ಶಾಕ್ ಕೊಟ್ಟರು. ಹತ್ತು ನಿಮಿಷಕ್ಕೆಲ್ಲ ಎದ್ದು ನೀರು ಕೇಳಿದಳು. ಏನೂ ನೆನಪಿರಲಿಲ್ಲ. ಎದೆಯ ಮೇಲೆ ಪ್ಯಾಡ್ ಇದ್ದಲ್ಲಿ ಅಂಗೈಯಗಲ ಕೆಂಪಾಗಿತ್ತು, ಬಿಸಿಲಿಗೆ ಸುಟ್ಟ ಹಾಗೆ. ಎರಡು ದಿನ ಉರಿ ಅಂದಳು. ಅಷ್ಟೇ.

ಮನೆಗೆ ಬಂದ ಮೇಲೆ ಗುಳಿಗೆ ಬಿಡುವುದೇ ದೊಡ್ಡ ತಪ್ಪು. ತಾಳಕ್ಕೆ ಬಂದರೂ ಮೇಲಿನ ಕೋಣೆಗಳು ಕೆಲವು ದಿನ, ಕೆಲವು ವಾರ ಮಂಕಾಗಿರುತ್ತವೆ. ಕರೆಂಟಿನ ಗಾಯ ಅಲ್ಲ ಅದು, ಬರೀ ಔಷಧಿಯಿಂದ ತಾಳಕ್ಕೆ ಬಂದವರಲ್ಲೂ ಹೀಗೇ ಆಗುತ್ತದೆ. ಆಗಲೂ ಗಡ್ಡೆ ಕಟ್ಟಬಹುದು. ಕನಿಷ್ಠ 4 ವಾರ ಬೇಕೇ ಬೇಕು, ಕೆಲವರಿಗೆ ಜೀವನಪೂರ್ತಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ತಾಳ ಮತ್ತೆ ತಪ್ಪಬಹುದು, ಎಷ್ಟೋ ಜನರಿಗೆ ವರ್ಷದೊಳಗೇ ತಪ್ಪುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಅಪ್ಪ ಅವಳ ಮುಂಗೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡುತ್ತಾರೆ. ಇವತ್ತು 72.