ನೆಟ್ಟಗೆ ಹೋಗುವ ಮ್ಯೂಆನ್‌ಗಳ ಬೆನ್ನು ಹತ್ತಿ

ಎಲ್‌ಎಚ್‌ಸಿಯಲ್ಲಿ, ಅಂದರೆ ಜಿನೀವಾ ಬಳಿ ನೆಲದಡಿಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ, ನಾನು ಹುಡುಕಿದ ಕಣದ ಹೆಸರು ಝಡ್ ಪ್ರೈಮ್. ಅದು ಇದೆಯೋ ಇಲ್ಲವೋ ಗೊತ್ತಿಲ್ಲ, ಹೆಸರಂತೂ ಯಾವತ್ತೋ ಇಟ್ಟಾಗಿದೆ. 1983ರಲ್ಲಿ, ಈ ಯಂತ್ರ ಇರುವ ಸರ್ನ್ ಪ್ರಯೋಗಾಲಯದಲ್ಲೇ ಸಿಕ್ಕ ಝಡ್ ಬೋಸಾನ್‌ನ ಜಾತಿಗೇ ಸೇರಿದ, ಅದಕ್ಕಿಂತ ಹತ್ತಾರು ಪಟ್ಟು ಭಾರದ ಇನ್ನೊಂದು ಕಣ ಇರಬಹುದು ಅನ್ನುವುದು ಹಲವು ಸಿದ್ಧಾಂತಗಳ ಊಹೆ. ಇದ್ದರೆ ಅದು ಹುಟ್ಟಿದ ಜಾಗದಲ್ಲೇ ಒಡೆದುಹೋಗುತ್ತದೆ. ಕೆಲವು ಸಲ ಒಡೆದು ಒಂದು ಮ್ಯೂಆನ್ ಮತ್ತು ಅದರ ಪ್ರತಿಕಣವಾಗುತ್ತದೆ (ಭಾರ ಅಷ್ಟೇ, ಚಾರ್ಜ್ ವಿರುದ್ಧ). ಆ ಎರಡರ ಸಂವೇಗ ಮತ್ತು ನಡುವಿನ ಕೋನ ಅಳೆದರೆ ಮೂಲ ಕಣದ ದ್ರವ್ಯರಾಶಿ ಸಿಗುತ್ತದೆ. ಸಿಕ್ಕ ಜೋಡಿಗಳಿಗೆಲ್ಲ ಈ ಲೆಕ್ಕ ಹಾಕಿ, ಗ್ರಾಫ್ ಬಿಡಿಸಿ, ಬಲತುದಿಯಲ್ಲಿ, ಅಂದರೆ ಹೆಚ್ಚು ದ್ರವ್ಯರಾಶಿಯ ಕಡೆ, ಎಲ್ಲಾದರೂ ಉಬ್ಬು ಎದ್ದಿದೆಯಾ ನೋಡುವುದು. ಹೇಳುವುದಕ್ಕೆ ಇಷ್ಟೇ.

ಮ್ಯೂಆನ್ ಎಂದರೆ ಎಲೆಕ್ಟ್ರಾನ್‌ನ ಎಲ್ಲ ಗುಣಗಳಿದ್ದೂ ಸುಮಾರು 200 ಪಟ್ಟು ಭಾರವಿರುವ ಕಣ. ಬೇರೆ ಕಣಗಳು ಹೆಚ್ಚಾಗಿ ಡಿಟೆಕ್ಟರ್‌ನ, ಅಂದರೆ ಡಿಕ್ಕಿಯ ಜಾಗದ ಸುತ್ತ ಕಟ್ಟಿದ ಅಳೆಯುವ ಉಪಕರಣದ, ಒಳಪದರಗಳಲ್ಲೇ ಸುಸ್ತಾಗಿ ನಿಂತುಬಿಟ್ಟರೆ ಇದು ಕಬ್ಬಿಣದ ದಪ್ಪ ಪದರಗಳನ್ನೂ ದಾಟಿ ಹೊರಗೆ ಬರುತ್ತದೆ. ಹಾಗಾಗಿ ಗುರುತು ಹಿಡಿಯುವುದು ಸುಲಭ. ನಾನು ಈ ವಿಷಯ ಆರಿಸಿಕೊಳ್ಳಲು ಅದೇ ಕಾರಣ. ಗುರುತು ಹಿಡಿಯುವುದು ಸುಲಭವಾದರೂ ಅಳೆಯುವುದು ಎಷ್ಟು ಕಷ್ಟ ಅನ್ನುವುದು ಕೆಲಸಕ್ಕೆ ಕೂತ ಮೇಲೆ ತಿಳಿಯಿತು. ಈ ಬರಹ ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲ ಜರಡಿ ಟ್ರಿಗರ್. ಸುರಂಗದಲ್ಲಿ ಪ್ರೋಟಾನ್ ಗೊಂಚಲುಗಳು 25 ನ್ಯಾನೊಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುತ್ತವೆ. ಪ್ರತಿ ಸಲವೂ ಹತ್ತಾರು ಪ್ರೋಟಾನ್ ಜೋಡಿಗಳು ಡಿಕ್ಕಿ ಹೊಡೆಯುತ್ತವೆ. ಇಷ್ಟನ್ನೂ ಬರೆದಿಡುವ ಡಿಸ್ಕ್ ಭೂಮಿಯ ಮೇಲಿಲ್ಲ. ನಾಲ್ಕು ಮೈಕ್ರೊಸೆಕೆಂಡಿನ ಒಳಗೆ ಹಾರ್ಡ್‌ವೇರ್ ತೀರ್ಮಾನ ಮಾಡಿ ಅದನ್ನು ಸೆಕೆಂಡಿಗೆ 1 ಲಕ್ಷಕ್ಕೆ ಇಳಿಸುತ್ತದೆ. ಆಮೇಲೆ ಕಂಪ್ಯೂಟರ್‌ಗಳ ಸಾಲೊಂದು ಸೋಸಿ ಸಾವಿರದ ಆಸುಪಾಸಿಗೆ ತರುತ್ತದೆ. ಉಳಿದದ್ದು ಹೋದದ್ದೇ, ಮತ್ತೆ ಸಿಗುವುದಿಲ್ಲ. ನಮಗೆ ಬೇಕಾದದ್ದು ತೀರಾ ಹೆಚ್ಚು ಶಕ್ತಿಯ ಮ್ಯೂಆನ್. ಒಂದೇ ಒಂದು ಮ್ಯೂಆನ್ 50 ಜಿಇವಿ (ಕಣಗಳ ಶಕ್ತಿ ಅಳೆಯುವ ಏಕಮಾನ, ಸಂವೇಗಕ್ಕೂ ದ್ರವ್ಯರಾಶಿಗೂ ಇದನ್ನೇ ಬಳಸುತ್ತೇವೆ; 1000 ಜಿಇವಿ ಅಂದರೆ 1 ಟಿಇವಿ) ಮೇಲಿದ್ದರೂ ಆ ಘಟನೆಯನ್ನು ಇಟ್ಟುಕೋ ಅನ್ನುವ ಸರಳ ನಿಯಮ ಸಾಕಾಗಿತ್ತು. ಟ್ರಿಗರ್ ವಿಷಯದಲ್ಲಿ ನಮ್ಮ ಗುಂಪು ಸುಖವಂತರ ಪೈಕಿ. ಕಡಿಮೆ ಶಕ್ತಿಯ ಕಣ ಹುಡುಕುವವರು ಒಂದೊಂದು ಹರ್ಟ್ಸ್‌ಗೂ, ಅಂದರೆ ಸೆಕೆಂಡಿಗೆ ಒಂದು ಘಟನೆ ಹೆಚ್ಚು ಇಟ್ಟುಕೊಳ್ಳುವುದಕ್ಕೂ, ಸಭೆಯಲ್ಲಿ ಜಗಳವಾಡಬೇಕು.

ಇನ್ನು ಅಳತೆಯ ವಿಷಯ. ಕಾಂತಕ್ಷೇತ್ರದಲ್ಲಿ ಚಾರ್ಜ್ ಇರುವ ಕಣ ಬಾಗುತ್ತದೆ, ಎಷ್ಟು ಬಾಗಿತು ಅನ್ನುವುದರಿಂದ ಸಂವೇಗ ತಿಳಿಯುತ್ತದೆ. ಸಂವೇಗ ಹೆಚ್ಚಿದಷ್ಟೂ ಬಾಗುವುದು ಕಡಿಮೆ. ನಮ್ಮ ಡಿಟೆಕ್ಟರ್ ಸಿಎಂಎಸ್‌ನ ಕಾಂತಕ್ಷೇತ್ರ 3.8 ಟೆಸ್ಲಾ, ಅದರೊಳಗೆ ಕಣದ ಜಾಡು ಹಿಡಿಯುವ ಸಿಲಿಕಾನ್ ಟ್ರ್ಯಾಕರ್‌ನ ತ್ರಿಜ್ಯ ಸುಮಾರು 1.1 ಮೀಟರ್. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ: 1 ಟಿಇವಿ ಸಂವೇಗದ ಮ್ಯೂಆನ್ ಆ ದೂರ ದಾಟುವಾಗ ಸರಳರೇಖೆಯಿಂದ ಅದರ ದಾರಿ ಉಬ್ಬುವುದು 0.17 ಮಿಲಿಮೀಟರ್ ಮಾತ್ರ. ಒಂದೊಂದು ಸೆನ್ಸರ್ ಜಾಗ ಗುರುತಿಸುವ ನಿಖರತೆಯೇ ಹತ್ತಾರು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಎಂದರೆ ನಮ್ಮ ಇಡೀ ಹುಡುಕಾಟ ನಿಂತಿರುವುದು ಮಿಲಿಮೀಟರಿನ ಈ ಚೂರಿನ ಮೇಲೆ.

ಇದರಲ್ಲೇ ಇನ್ನೊಂದು ಕುತ್ತು ಇದೆ. ನಾವು ಅಳೆಯುವುದು ಬಾಗನ್ನು, ನಮಗೆ ಬೇಕಾದದ್ದು ಅದರ ವಿಲೋಮ. ಬಾಗಿನ ಅಳತೆಯಲ್ಲಿ ತಪ್ಪು ಎರಡೂ ಕಡೆಗೆ ಸಮನಾಗಿ ಹರಡಿರುತ್ತದೆ. ತಲೆಕೆಳಗು ಮಾಡಿ ಸಂವೇಗ ತೆಗೆದ ಕೂಡಲೇ ಆ ಸಮತೋಲ ಹೋಗಿ ಮೇಲ್ಗಡೆಗೆ ಉದ್ದನೆಯ ಬಾಲ ಬೆಳೆಯುತ್ತದೆ. ಸ್ವಲ್ಪ ಕಡಿಮೆ ಬಾಗಿದಂತೆ ಕಂಡ ಮ್ಯೂಆನ್ ಒಮ್ಮೆಲೇ ದೈತ್ಯ ಸಂವೇಗದ್ದಾಗಿ ತೋರುತ್ತದೆ. ಸುಳ್ಳು ಜೋಡಿಗಳು ಹೋಗಿ ಕೂರುವುದು ಹೊಸ ಕಣ ಕಾಣಬೇಕಾದ ಜಾಗದಲ್ಲೇ. ಆಕಸ್ಮಿಕ ತಪ್ಪುಗಳನ್ನಾದರೂ ಸಿಮ್ಯುಲೇಷನ್‌ನಲ್ಲಿ ಸೇರಿಸಿ ನಿಭಾಯಿಸಬಹುದು. ಟ್ರ್ಯಾಕರ್‌ನ ಸಾವಿರಾರು ಸೆನ್ಸರ್‌ಗಳು ಒಟ್ಟಿಗೆ ಒಂದೇ ರೀತಿಯಲ್ಲಿ ಕೊಂಚ ತಿರುಚಿಕೊಂಡಿದ್ದರೆ? ಆಗ ಧನ ಚಾರ್ಜ್‌ನ ಮ್ಯೂಆನ್‌ಗಳೆಲ್ಲ ನೆಟ್ಟಗಾಗಿ, ಋಣ ಚಾರ್ಜ್‌ನವು ಹೆಚ್ಚು ಬಾಗಿ ಕಾಣುತ್ತವೆ, ಇಲ್ಲವೇ ಇದರ ತಿರುಗುಮುರುಗು. ಕೆಟ್ಟ ಸುದ್ದಿ ಏನೆಂದರೆ ಸೆನ್ಸರ್‌ಗಳ ಜಾಗವನ್ನು ಸರಿಹೊಂದಿಸುವ ಮಾಮೂಲಿ ವಿಧಾನಕ್ಕೆ ಇಂಥ ತಿರುಚು ಕಾಣಿಸುವುದೇ ಇಲ್ಲ. ಚುಕ್ಕೆಗಳೆಲ್ಲ ಒಂದು ಅಂದವಾದ ವಕ್ರರೇಖೆಯ ಮೇಲೇ ಕೂತಿರುತ್ತವೆ, ಆ ರೇಖೆಯೇ ಬೇರೆ.

ಸಂಖ್ಯೆಯಲ್ಲಿ ಹೇಳುತ್ತೇನೆ. ಬಾಗಿನ ಅಳತೆಯಲ್ಲಿ ಪ್ರತಿ ಟಿಇವಿಗೆ 0.05 ಓರೆ, ಅಂದರೆ ಒಂದೇ ಕಡೆಗೆ ವಾಲುವ ತಪ್ಪು, ಇದೆ ಅಂದುಕೊಳ್ಳಿ. 1 ಟಿಇವಿ ಮ್ಯೂಆನ್ ಒಂದು ಚಾರ್ಜ್‌ಗೆ 0.95, ಇನ್ನೊಂದಕ್ಕೆ 1.05 ಎಂದು ಓದುತ್ತದೆ. ಪರವಾಗಿಲ್ಲ. ಅದೇ ಓರೆಯಲ್ಲಿ 2 ಟಿಇವಿ ಮ್ಯೂಆನ್ 1.82 ಇಲ್ಲವೇ 2.22 ಆಗುತ್ತದೆ. ಝಡ್ ಬೋಸಾನ್ ಒಡೆದು ಬರುವ 45 ಜಿಇವಿಯ ಮ್ಯೂಆನ್‌ನಲ್ಲಿ ಈ ಓರೆ ಕಣ್ಣಿಗೇ ಬೀಳದಷ್ಟು ಚಿಕ್ಕದು. ಝಡ್ ಬೋಸಾನ್ 91.2 ಜಿಇವಿಯಲ್ಲಿ ಸರಿಯಾಗಿ ಕೂತಿದೆ, ಹಾಗಾಗಿ ಅಳತೆ ಸರಿ ಇದೆ ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನ ಆಗದಿರುವುದು ಇದಕ್ಕೇ.

ಹಾಗಾದರೆ ಟಿಇವಿ ಮಟ್ಟದಲ್ಲಿ ಉತ್ತರ ಮೊದಲೇ ಗೊತ್ತಿರುವ ಮ್ಯೂಆನ್ ಎಲ್ಲಿಂದ ತರುವುದು? ಆಕಾಶದಿಂದ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದು ಹುಟ್ಟುವ ಮ್ಯೂಆನ್‌ಗಳಲ್ಲಿ ಹೆಚ್ಚು ಶಕ್ತಿಯವು ಸುಮಾರು 100 ಮೀಟರ್ ಮಣ್ಣು, ಬಂಡೆ ದಾಟಿ ಡಿಟೆಕ್ಟರ್ ಇರುವ ಗುಹೆಗೆ ಇಳಿಯುತ್ತವೆ. ಪ್ರೋಟಾನ್ ಕಿರಣ ಇಲ್ಲದ ಹೊತ್ತಿನಲ್ಲಿ ಅಯಸ್ಕಾಂತ ಹಾಕಿಟ್ಟು ಅವನ್ನು ದಾಖಲಿಸುತ್ತೇವೆ. ಮಜಾ ಏನೆಂದರೆ ಮೇಲಿನಿಂದ ಕೆಳಕ್ಕೆ ಪೂರ್ತಿ ಹಾದುಹೋದ ಒಂದೇ ಮ್ಯೂಆನ್ ಟ್ರ್ಯಾಕರ್‌ನ ಮೇಲರ್ಧದಲ್ಲಿ ಒಂದು ಗೆರೆ, ಕೆಳಗಿನರ್ಧದಲ್ಲಿ ಇನ್ನೊಂದು ಗೆರೆ ಬಿಡುತ್ತದೆ. ಎರಡನ್ನೂ ಬೇರೆ ಬೇರೆ ಕಣಗಳೆಂಬಂತೆ ಅಳೆಯುತ್ತೇವೆ. ಕಣ ಒಂದೇ ಆದ್ದರಿಂದ ಉತ್ತರ ಒಂದೇ ಬರಬೇಕು. ಎಷ್ಟು ವ್ಯತ್ಯಾಸ ಬಂತೋ ಅದೇ ನಮ್ಮ ಉಪಕರಣದ ನಿಜವಾದ ನಿಖರತೆ. ಸಿಮ್ಯುಲೇಷನ್‌ನ ಮಾತನ್ನು ನಂಬಬೇಕಾಗಿಲ್ಲ. ನಾನು ಮಾಡಿದ ಕೆಲಸಗಳಲ್ಲಿ ಇದರಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಆದರೆ ಇವು ಬರುವುದು ಹೆಚ್ಚಾಗಿ ನೇರ ಮೇಲಿನಿಂದ. ಕಿರಣದ ದಿಕ್ಕಿಗೆ ಹತ್ತಿರವಾಗಿ ಹೋಗುವ ಮ್ಯೂಆನ್‌ಗಳಿಗೆ ಈ ಪರೀಕ್ಷೆ ಎಟುಕುವುದಿಲ್ಲ. ಅಲ್ಲಿ ಡಿಕ್ಕಿಯಿಂದಲೇ ಬಂದ ಧನ, ಋಣ ಮ್ಯೂಆನ್‌ಗಳ ಬಾಗಿನ ಹಂಚಿಕೆಯನ್ನು ಸಿಮ್ಯುಲೇಷನ್ ಜೊತೆ ಹೋಲಿಸಿ, ಎಷ್ಟು ಓರೆ ಸೇರಿಸಿದರೆ ಎರಡೂ ಹೊಂದುತ್ತವೆ ಎಂದು ಕಂಡುಕೊಳ್ಳಬೇಕು. ಅಂಕಿಅಂಶ ಸಾಲದೆ ಉತ್ತರ ಅಲ್ಲಾಡುತ್ತಿರುತ್ತದೆ. ಆ ಅಲುಗಾಟವನ್ನೇ ಅನಿಶ್ಚಿತತೆ ಎಂದು ಬರೆದುಕೊಂಡು ಮುಂದೆ ಹೋಗುವುದು. ಇನ್ನೊಂದು ತಲೆನೋವು, ಟಿಇವಿ ಮಟ್ಟದ ಮ್ಯೂಆನ್ ಕಬ್ಬಿಣದೊಳಗೆ ಹೋಗುವಾಗ ತಾನೇ ಕಣಗಳ ಮಳೆ ಸುರಿಸುತ್ತದೆ, ಮ್ಯೂಆನ್ ಗುರುತಿಸುವ ಹೊರಗಿನ ಚೇಂಬರ್‌ಗಳಲ್ಲಿ ಯಾವ ಚುಕ್ಕೆ ಮ್ಯೂಆನ್‌ನದು, ಯಾವುದು ಮಳೆಯದು ಎಂದು ತಿಳಿಯದಾಗುತ್ತದೆ. ಅದಕ್ಕಾಗಿ ಒಂದೇ ಜಾಡನ್ನು ಹಲವು ಬಗೆಯಲ್ಲಿ ಜೋಡಿಸಿ ನೋಡಿ, ಹೆಚ್ಚು ನಂಬಬಹುದಾದದ್ದನ್ನು ಆರಿಸುವ ವಿಧಾನವೊಂದಿದೆ.

ಅಳತೆಗೆ ನೆರವಾದ ಆಕಾಶದ ಮ್ಯೂಆನ್ ಹುಡುಕಾಟದಲ್ಲಿ ಶತ್ರು. ಡಿಕ್ಕಿಯ ಹೊತ್ತಿಗೇ ಒಂದು ಹಾದುಹೋದರೆ ಅದರ ಎರಡು ಅರ್ಧ ಗೆರೆಗಳು ಬೆನ್ನಿಗೆ ಬೆನ್ನು ಕೊಟ್ಟು ಹೊರಟ ಮ್ಯೂಆನ್ ಜೋಡಿಯ ಹಾಗೇ ಕಾಣುತ್ತವೆ. ಸಂವೇಗವೂ ಸಮ, ಚಾರ್ಜೂ ವಿರುದ್ಧ. ಪಕ್ಕಾ ಝಡ್ ಪ್ರೈಮ್! ಅದಕ್ಕೆ ಎರಡರ ನಡುವಿನ ಕೋನ 180 ಡಿಗ್ರಿಗೆ ತೀರಾ ಹತ್ತಿರವಿದ್ದರೆ, ಅಂದರೆ 0.02 ರೇಡಿಯನ್ ಒಳಗಿದ್ದರೆ ಆ ಜೋಡಿಯನ್ನು ಕೈಬಿಡುತ್ತೇವೆ. ನಿಜವಾದ ಜೋಡಿಗಳಲ್ಲಿ ಇದರಿಂದ ಕಳೆದುಕೊಳ್ಳುವುದು ತೀರಾ ಅಲ್ಪ.

ಹಿನ್ನೆಲೆಯ, ಅಂದರೆ ಹೊಸ ಕಣವಿಲ್ಲದೆಯೂ ಬರುವ ಜೋಡಿಗಳ, ಲೆಕ್ಕ ಬೇಗ ಹೇಳಿಬಿಡುತ್ತೇನೆ. ಪ್ರೋಟಾನ್‌ಗಳೊಳಗಿನ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಎಂಬ ಕಣಗಳು ಸೇರಿ ಮಾಮೂಲಾಗಿ ಹುಟ್ಟಿಸುವ ಮ್ಯೂಆನ್ ಜೋಡಿಗಳೇ ಮುಖ್ಯ ಹಿನ್ನೆಲೆ. ಅದನ್ನು ಕಿತ್ತೆಸೆಯುವ ದಾರಿ ಇಲ್ಲ, ಸಿದ್ಧಾಂತದಿಂದ ಲೆಕ್ಕ ಹಾಕಬೇಕು. ಎರಡನೆಯದು ಕ್ವಾರ್ಕ್‌ಗಳಲ್ಲೇ ಅತಿ ಭಾರದ ಟಾಪ್ ಕ್ವಾರ್ಕ್ ಜೋಡಿ. ಇದನ್ನು ಪರೀಕ್ಷಿಸಲು ಚೆಂದದ ಉಪಾಯವಿದೆ: ಟಾಪ್ ಜೋಡಿಯಿಂದ ಎರಡು ಮ್ಯೂಆನ್ ಬರುವುದಕ್ಕಿಂತ ಒಂದು ಎಲೆಕ್ಟ್ರಾನ್, ಒಂದು ಮ್ಯೂಆನ್ ಬರುವುದು ಎರಡು ಪಟ್ಟು. ಝಡ್ ಪ್ರೈಮ್‌ನಿಂದ ಆ ಮಿಶ್ರ ಜೋಡಿ ಬರುವಂತಿಲ್ಲ. ಹಾಗಾಗಿ ಮಿಶ್ರ ಜೋಡಿಗಳನ್ನು ಎಣಿಸಿ ಹಿನ್ನೆಲೆ ಸರಿ ಇದೆಯಾ ನೋಡಬಹುದು. ಕೊನೆಗೆ ಎಲ್ಲವನ್ನೂ ಝಡ್ ಬೋಸಾನ್‌ನ ಉಬ್ಬಿಗೆ ಹೋಲಿಸಿ ಅನುಪಾತವಾಗಿ ಹೇಳುತ್ತೇವೆ. ಒಟ್ಟು ಎಷ್ಟು ಡಿಕ್ಕಿ ನಡೆಯಿತು ಅನ್ನುವ ಅಳತೆಯ ತಪ್ಪು ಅಲ್ಲೇ ಹೊಡೆದುಹೋಗುತ್ತದೆ.

ಇಷ್ಟೂ ಆಗುವವರೆಗೆ ಗ್ರಾಫ್‌ನ ಬಲತುದಿಯನ್ನು ನೋಡುವಂತಿಲ್ಲ. ಕೋಡ್‌ನಲ್ಲಿ ಒಂದು ಸಾಲು ಬರೆದು ಆ ಭಾಗವನ್ನು ಮುಚ್ಚಿಟ್ಟಿರುತ್ತೇವೆ. ಮೊದಲೇ ನೋಡಿದರೆ ಕೈ ತನ್ನಷ್ಟಕ್ಕೆ ಉಬ್ಬಿನ ಕಡೆ ವಾಲುತ್ತದೆ: ಈ ಮಿತಿಯನ್ನು ಒಂಚೂರು ಸಡಿಲಿಸೋಣ, ಆ ಘಟನೆಯನ್ನು ಬಿಡುವುದು ಬೇಡ ಅನ್ನಿಸುತ್ತದೆ. ಪ್ರಾಮಾಣಿಕರಿಗೂ ಅನ್ನಿಸುತ್ತದೆ. ತೆರೆಯಲು ಒಪ್ಪಿಗೆ ಕೊಡುವ ಮೊದಲು ಪ್ರಯೋಗದೊಳಗಿನ ವಿಮರ್ಶಕರ ಸಮಿತಿ ವಿಶ್ಲೇಷಣೆಯ ಜಾತಕ ಜಾಲಾಡುತ್ತದೆ. ಓರೆಯನ್ನು ದುಪ್ಪಟ್ಟು ಮಾಡಿದರೆ ಏನಾಗುತ್ತದೆ, ಇಬ್ಬರು ಬೇರೆ ಬೇರೆ ಕೋಡ್ ಬರೆದರೆ ಘಟನೆಯ ಸಂಖ್ಯೆ ಕೊನೆಯ ಅಂಕಿವರೆಗೆ ಹೊಂದುತ್ತದೆಯಾ, 3 ಟಿಇವಿ ಮೇಲೆ ಒಂದೇ ಒಂದು ಘಟನೆ ಸಿಕ್ಕರೆ ಏನು ಬರೆಯುತ್ತೀರಿ, ಇಂಥ ಪ್ರಶ್ನೆಗಳು. ಕೊನೆಯ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ಉತ್ತರವನ್ನು ಡೇಟಾ ನೋಡುವ ಮೊದಲೇ ಬರೆದಿಡಬೇಕಿತ್ತು, ಅಡ್ಡಗೋಡೆ ಮೇಲೆ ದೀಪ ಇಡುವಂತಿರಲಿಲ್ಲ.

ಅದೇನು ಕಾಲ್ಪನಿಕ ಪ್ರಶ್ನೆಯಲ್ಲ. 2015ರ ಆಗಸ್ಟ್‌ನಲ್ಲಿ, 13 ಟಿಇವಿಯ ಡಿಕ್ಕಿಗಳು ಆಗಷ್ಟೇ ಶುರುವಾಗಿದ್ದಾಗ, ಸಿಎಂಎಸ್‌ಗೆ 2.9 ಟಿಇವಿ ದ್ರವ್ಯರಾಶಿಯ ಎಲೆಕ್ಟ್ರಾನ್ ಜೋಡಿಯೊಂದು ಸಿಕ್ಕಿತ್ತು. ಅಷ್ಟು ಕಡಿಮೆ ಡೇಟಾದಲ್ಲಿ ಅಂಥದ್ದು ಬರುವುದು ಅಪರೂಪ. ಆಮೇಲೆ ರಾಶಿ ರಾಶಿ ಡೇಟಾ ಬಂದರೂ ಅಲ್ಲಿ ಉಬ್ಬು ಬೆಳೆಯಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಫೋಟಾನ್ (ಬೆಳಕಿನ ಕಣ) ಜೋಡಿಗಳಲ್ಲಿ 750 ಜಿಇವಿ ಹತ್ತಿರ ಎಲ್‌ಎಚ್‌ಸಿಯ ಇನ್ನೊಂದು ಡಿಟೆಕ್ಟರ್ ಅಟ್ಲಾಸ್, ನಮ್ಮ ಸಿಎಂಎಸ್ ಎರಡಕ್ಕೂ ಏನೋ ಕಂಡಿತು. ಅಟ್ಲಾಸ್‌ನದ್ದು ಆ ಒಂದು ಜಾಗಕ್ಕೆ ಮಾತ್ರ 3 ಸಿಗ್ಮಾ (ಇಂಥದ್ದು ಆಕಸ್ಮಿಕವಾಗಿ ಬರುವುದು ಎಷ್ಟು ಅಪರೂಪ ಅನ್ನುವ ಅಳತೆ) ಮೀರಿತ್ತು. ಇಷ್ಟು ಅಗಲದ ಹರವಿನಲ್ಲಿ ಎಲ್ಲೋ ಒಂದು ಕಡೆ ಇಂಥದ್ದು ಬರುವ ಸಂಭವವನ್ನು ಲೆಕ್ಕಕ್ಕೆ ಹಿಡಿದರೆ 2ರ ಆಸುಪಾಸು. ಸಿದ್ಧಾಂತಿಗಳು ಕೆಲವೇ ತಿಂಗಳಲ್ಲಿ 500ಕ್ಕೂ ಹೆಚ್ಚು ಲೇಖನ ಬರೆದರು. 2016ರ ಆಗಸ್ಟ್‌ನಲ್ಲಿ, ಷಿಕಾಗೋ ಸಮ್ಮೇಳನದಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟಾಯಿತು. ಯಾರದೂ ತಪ್ಪಿರಲಿಲ್ಲ. ನೂರಾರು ಗ್ರಾಫ್‌ಗಳಲ್ಲಿ ಸಾವಿರಾರು ಕಡೆ ಹುಡುಕಿದರೆ ಹೀಗೆ ಆಗಲೇಬೇಕು, ಆಗದಿದ್ದರೆ ಅನುಮಾನ ಪಡಬೇಕು. ಹೊಸ ಕಣ ಸಿಕ್ಕಿತು ಎನ್ನಲು ಬೇಕಾದ 5 ಸಿಗ್ಮಾ, ಅಂದರೆ ಸುಮಾರು 35 ಲಕ್ಷಕ್ಕೆ ಒಂದು ಅನ್ನುವ ಗೆರೆ ಅತಿಯಾಯಿತು ಎಂದು ದೂರುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನಮ್ಮ ಗ್ರಾಫ್ ತೆರೆದಾಗ ಮ್ಯೂಆನ್ ಕಡೆ ಎಲ್ಲವೂ ಊಹಿಸಿದ ಹಾಗೇ ಇತ್ತು. 2018ರವರೆಗಿನ ಪೂರ್ತಿ ಡೇಟಾ ಸೇರಿಸಿ 2021ರಲ್ಲಿ ಪ್ರಕಟವಾದ ಫಲಿತಾಂಶದ ಸಾರಾಂಶ: ಝಡ್ ಬೋಸಾನ್‌ನಂತೆಯೇ ವರ್ತಿಸುವ ಝಡ್ ಪ್ರೈಮ್ ಇದ್ದರೆ ಅದು 5.15 ಟಿಇವಿಗಿಂತ ಭಾರವಾಗಿರಬೇಕು. ಎಲೆಕ್ಟ್ರಾನ್ ಜೋಡಿಗಳಲ್ಲಿ 1.8 ಟಿಇವಿ ಮೇಲ್ಗಡೆ ಕೊಂಚ ಹೆಚ್ಚಳ ಇದೆ, ನಾನಂತೂ ಅದಕ್ಕೆ ಪಂದ್ಯ ಕಟ್ಟುವುದಿಲ್ಲ. ಏನೂ ಸಿಗಲಿಲ್ಲವಲ್ಲ, ಬೇಜಾರಿಲ್ಲವಾ ಎಂದು ಕೇಳುತ್ತಾರೆ. ಇದೆ. ಆದರೆ ಆ 5.15 ಅನ್ನುವ ಅಂಕಿಯ ಹಿಂದೆ 0.17 ಮಿಲಿಮೀಟರ್ ಇದೆ, ಅದನ್ನು ಯಾರು ಬೇಕಾದರೂ ತಮ್ಮ ಸಿದ್ಧಾಂತಕ್ಕೆ ಒರೆಗಲ್ಲಾಗಿ ಬಳಸಬಹುದು.

2022ರಿಂದ ಡಿಕ್ಕಿಯ ಶಕ್ತಿ 13.6 ಟಿಇವಿ. 13ರಿಂದ ಇಷ್ಟು ಏರಿದ ಮಾತ್ರಕ್ಕೆ ತುದಿಯಲ್ಲಿ ದೊಡ್ಡ ಜಿಗಿತ ಸಿಗುವುದಿಲ್ಲ, ಹಾಗಾಗಿ ನಾನೀಗ ಬೇರೆ ಕಡೆ ನೋಡುತ್ತಿದ್ದೇನೆ. ಹುಟ್ಟಿದ ಜಾಗದಲ್ಲೇ ಒಡೆಯದೆ ಒಂದೆರಡು ಮೀಟರ್ ಹೋಗಿ ಆಮೇಲೆ ಮ್ಯೂಆನ್ ಜೋಡಿಯಾಗುವ ಕಣಗಳು ಅವು. ಟ್ರ್ಯಾಕರ್‌ನ ಸಾಫ್ಟ್‌ವೇರ್ ಮ್ಯೂಆನ್‌ಗಳು ಕಿರಣದ ಹತ್ತಿರದಿಂದಲೇ ಹೊರಡುತ್ತವೆ ಎಂದು ನಂಬಿಕೊಂಡಿರುವುದರಿಂದ ಅಲ್ಲಿ ಕೈಕೊಡುತ್ತದೆ, ಹೊರಗಿನ ಚೇಂಬರ್‌ಗಳಿಂದಷ್ಟೇ ಜಾಡು ಕಟ್ಟಬೇಕು. ಆಕಾಶದ ಮ್ಯೂಆನ್‌ಗಳ ಕಾಟವೂ ಅಲ್ಲಿ ಇನ್ನೂ ಹೆಚ್ಚು, ಕೋನದ ಮಿತಿಯೊಂದರಿಂದಲೇ ಅವನ್ನು ಓಡಿಸಲಾಗುವುದಿಲ್ಲ. ಅದಕ್ಕೆ ಗಡಿಯಾರ ಹಿಡಿದಿದ್ದೇವೆ: ಡಿಕ್ಕಿಯಿಂದ ಹೊರಟ ಜೋಡಿ ಮೇಲಿನ, ಕೆಳಗಿನ ಚೇಂಬರ್‌ಗಳನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಟ್ಟುತ್ತದೆ, ಮೇಲಿನಿಂದ ಬಂದದ್ದು ಕೆಳಗಿನದನ್ನು 40-50 ನ್ಯಾನೊಸೆಕೆಂಡ್ ತಡವಾಗಿ ಮುಟ್ಟುತ್ತದೆ.