ತಿಂಗಳಿಗೆ ಎಷ್ಟು ಆರ್ಡರ್ ಬಂದರೆ ಗಿಟ್ಟುತ್ತದೆ?

ಮುಂಬಯಿ ಕಡೆಯ ಡೊಂಬಿವಲಿ, ಮುಲುಂಡ್‌ನಲ್ಲಿ ನಮ್ಮ ಕನ್ನಡದವರು ಸಣ್ಣ ಈವೆಂಟ್ ವ್ಯವಹಾರ ನಡೆಸುವುದನ್ನು ನೋಡುತ್ತಿರುತ್ತೇನೆ. ನಾಮಕರಣದ ಅಲಂಕಾರ, ಮದುವೆ ಮಂಟಪ, ಸೌಂಡ್ ಬಾಡಿಗೆ, ಮೂರೂ ಒಬ್ಬರದೇ. ಕೆಲಸ ಅಚ್ಚುಕಟ್ಟು. ಆದರೆ ಬ್ರೇಕ್-ಈವನ್ ಲೆಕ್ಕ, ಅಂದರೆ ಎಷ್ಟು ಆರ್ಡರಿಗೆ ಖರ್ಚು ಪೂರ್ತಿ ಹುಟ್ಟುತ್ತದೆ ಎನ್ನುವುದು, ಹೆಚ್ಚಿನವರಿಗೆ ಒಂದೇ ಜಾಗದಲ್ಲಿ ಕೈಕೊಡುತ್ತದೆ.

ಮೊದಲು, ಆರ್ಡರ್ ಬರಲಿ ಬಿಡಲಿ ತಪ್ಪದ ತಿಂಗಳ ಖರ್ಚು ಬರೆಯಿರಿ. ಗೋಡೌನ್ ಬಾಡಿಗೆ, ಕಾಯಂ ಹುಡುಗರ ಸಂಬಳ, ಸ್ಪೀಕರಿನ ಇಎಂಐ. ನಿಮ್ಮ ಸಂಬಳವನ್ನೂ ಸೇರಿಸಲೇಬೇಕು. ಒಟ್ಟು 60,000 ರೂಪಾಯಿ ಎಂದಿಟ್ಟುಕೊಳ್ಳೋಣ.

ಆಮೇಲೆ ಪ್ರತಿ ಆರ್ಡರಿಗೆ ಕೈಯಿಂದ ಖರ್ಚಾಗುವ ದುಡ್ಡು: ದಾದರ್ ಮಾರ್ಕೆಟ್ಟಿನ ಹೂವು, ಟೆಂಪೊ, ದಿನಗೂಲಿ. ದಸರಾ ಹೊತ್ತಿಗೆ ಚೆಂಡುಹೂವಿನ ರೇಟು ಏರುತ್ತದೆ. ಆ ತಿಂಗಳಿಗೆ ಆ ರೇಟನ್ನೇ ಹಿಡಿಯಿರಿ. ಗ್ರಾಹಕರಿಂದ ಪಡೆದ ಜಿಎಸ್‌ಟಿ ನಿಮ್ಮ ದುಡ್ಡಲ್ಲ, ಅದನ್ನು ಲೆಕ್ಕಕ್ಕೆ ತರಬೇಡಿ.

ಬೆಲೆಯಲ್ಲಿ ಈ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಇಷ್ಟು ಎನ್ನೋಣ: ನಾಮಕರಣಕ್ಕೆ 4,000, ಸೌಂಡಿಗೆ 5,000, ಮಂಟಪಕ್ಕೆ 18,000.

ಎಡವುವುದು ಇಲ್ಲಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ 9,000. ಹಾಗಾದರೆ 7 ಆರ್ಡರ್ ಸಾಕು ಎಂದು ನಿರಾಳವಾಗುತ್ತಾರೆ. ಆದರೆ ಮಂಟಪದ ಆರ್ಡರ್ ನಾಮಕರಣದಷ್ಟೇ ಬರುತ್ತದೆಯೇ? ಹಳೇ ಬಿಲ್ ಪುಸ್ತಕ ತೆಗೆಯಿರಿ. ಹತ್ತು ಆರ್ಡರಿನಲ್ಲಿ ನಾಮಕರಣ 6, ಸೌಂಡ್ 3, ಮಂಟಪ ಒಂದೇ ಇದೆ ಎನ್ನಿ. ಆಗ ಉಳಿಯುವುದು 24,000, 15,000, 18,000. ಒಟ್ಟು 57,000, ಆರ್ಡರಿಗೆ 5,700. ಅರವತ್ತು ಸಾವಿರವನ್ನು ಇದರಿಂದ ಭಾಗಿಸಿದರೆ 10.5 ಚಿಲ್ಲರೆ. ಅರ್ಧ ಆರ್ಡರ್ ಇರುವುದಿಲ್ಲವಲ್ಲ, 11 ಬೇಕು. ಇದೇ ಅಳತೆಯಲ್ಲಿ 7ಕ್ಕೇ ನಿಂತರೆ ತಿಂಗಳಿಗೆ 20,100 ರೂಪಾಯಿ ಕೈಯಿಂದ ಹೋಗುತ್ತದೆ.

ಫೋನಿನಲ್ಲಿ ಸಿಗುವ ಬ್ರೇಕ್-ಈವನ್ ಕ್ಯಾಲ್ಕುಲೇಟರಿನಲ್ಲಿ ಒಂದೇ ಬೆಲೆ, ಒಂದೇ ಖರ್ಚು ಕೇಳಿದರೆ ಅದನ್ನು ಮುಚ್ಚಿಬಿಡಿ. ಅದು ಒಂದೇ ಸರಕು ಮಾರುವವರಿಗೆ. ನಿಮಗೆ ನೋಟ್‌ಬುಕ್ಕೇ ವಾಸಿ.

ಈ ಲೆಕ್ಕ ವರ್ಷಕ್ಕೊಮ್ಮೆ ಮಾಡಿ ಸುಮ್ನೆ ಕೂರುವಂಥದ್ದೂ ಅಲ್ಲ. ಆಷಾಢದಲ್ಲಿ ಮಂಟಪದ ಆರ್ಡರ್ ನಿಂತುಹೋಗುತ್ತದೆ. ಹತ್ತರಲ್ಲಿ ನಾಮಕರಣ 8, ಸೌಂಡ್ 2 ಆದರೆ ಆರ್ಡರಿಗೆ ಉಳಿಯುವುದು 4,200. ಆಗ 15 ಆರ್ಡರ್ ಬೇಕು. ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ? ಅದಕ್ಕೇ ಮದುವೆ ಸೀಸನ್ನಿನಲ್ಲೇ ಒಂದಿಷ್ಟು ತೆಗೆದಿಡಿ.

ಚೌಕಾಸಿಗೂ ಇದೇ ಪುಟ ತೆರೆಯಿರಿ. ಪ್ರತಿ ಮಂಟಪಕ್ಕೂ 6,000 ಬಿಟ್ಟುಕೊಟ್ಟರೆ ಆರ್ಡರಿನ ಸರಾಸರಿ 5,100ಕ್ಕೆ ಇಳಿಯುತ್ತದೆ, 11ರ ಜಾಗದಲ್ಲಿ 12 ಬೇಕಾಗುತ್ತದೆ. ಗಿರಾಕಿಗೆ ‘ಆಯ್ತು’ ಎನ್ನುವ ಮೊದಲು ಆ ಹನ್ನೆರಡನೆಯದು ಎಲ್ಲಿಂದ ಬರುತ್ತದೆ ಎಂದು ನೋಡಿಕೊಳ್ಳಿ.