ಪುಟ್ಟ ಮಗುವಿಗೆ ವಿಪರೀತ ಬೊಜ್ಜು: ಜೀನ್ ಪರೀಕ್ಷೆಗೆ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

ಎರಡು ವರ್ಷದ ಮಗುವಿನ ತೂಕ ಮಿತಿಮೀರಿ ಏರಿದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಅಮ್ಮನ ಕಡೆಗೆ. ಜಾಸ್ತಿ ತಿನ್ನಿಸ್ತಾಳೆ, ಮುದ್ದು ಮಾಡಿ ಕೆಡಿಸಿದ್ದಾಳೆ ಅಂತ. ಮಕ್ಕಳ ಆಹಾರ ಸಲಹೆ ಕೊಡುವ ಕೆಲಸದಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ದಪ್ಪಗಿರುವ ಹೆಚ್ಚಿನ ಮಕ್ಕಳಲ್ಲಿ ಒಂದೇ ಜೀನಿನ ದೋಷ ಇರುವುದಿಲ್ಲ, ನಿಜ. ಆದರೆ 5 ವರ್ಷಕ್ಕೆ ಮುಂಚೆಯೇ ವಿಪರೀತ ಬೊಜ್ಜು ಬಂದು, ಜೊತೆಗೆ ತಡೆಯಲಾಗದ ಹಸಿವೂ ಇದ್ದರೆ ಜೀನ್ ಪರೀಕ್ಷೆಯ ಬಗ್ಗೆ ಯೋಚಿಸಿ ಎಂದು ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೇ ಹೇಳುತ್ತದೆ. ಎಡವುವುದು ಎಲ್ಲಿ ಅಂದರೆ, ಜನ ನೇರವಾಗಿ ಪರೀಕ್ಷೆಗೆ ಓಡುತ್ತಾರೆ. ಕೈಯಲ್ಲಿ ಇವತ್ತಿನ ತೂಕ ಬಿಟ್ಟರೆ ಬೇರೇನೂ ಇರುವುದಿಲ್ಲ.

ಮೊದಲ ಕೆಲಸ: ಹುಟ್ಟಿದಾಗಿನಿಂದ ಇರುವ ತೂಕ, ಎತ್ತರದ ಲೆಕ್ಕವನ್ನೆಲ್ಲ ಒಟ್ಟು ಮಾಡಿ. ಲಸಿಕೆ ಕಾರ್ಡ್, ಹಳೆಯ ಚೀಟಿ, ಯಾವುದಾದರೂ ಸರಿ.

ಎರಡನೆಯದು ಬೆಳವಣಿಗೆ ಚಾರ್ಟ್. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟ್ ಮುದ್ರಿಸಿಕೊಂಡು ಸಿಕ್ಕ ಪ್ರತಿ ಅಳತೆಗೂ ಒಂದು ಚುಕ್ಕೆ ಇಡಿ. ಆ್ಯಪ್ ಬೇಡ, ಪೆನ್ಸಿಲ್ ಸಾಕು. ಎತ್ತರ ಅಳೆಯುವಾಗ ಎರಡು ವರ್ಷದ ಒಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ವರ್ಷ ದಾಟಿದ ಮೇಲೆ ನಿಲ್ಲಿಸಿ. ಎರಡಕ್ಕೂ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ, ಹಾಗಾಗಿ ಹೇಗೆ ಅಳೆದಿರಿ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. 5 ವರ್ಷದ ಒಳಗೆ ಎತ್ತರಕ್ಕೆ ತಕ್ಕ ತೂಕದ ಚುಕ್ಕೆ +3ರ ಗೆರೆ ದಾಟಿದರೆ ಅದು ಬೊಜ್ಜು. ಆದರೆ ಚುಕ್ಕೆ ಎಲ್ಲಿದೆ ಅನ್ನುವುದಕ್ಕಿಂತ ಗೆರೆ ಯಾವಾಗ ಮೇಲಕ್ಕೆ ತಿರುಗಿತು ಅನ್ನುವುದು ಹೆಚ್ಚು ಹೇಳುತ್ತದೆ. ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಹಾರ್ಮೋನ್ ಇಲ್ಲದ ಮಗು ಹುಟ್ಟುವಾಗ ಸಾಮಾನ್ಯ ತೂಕವೇ ಇದ್ದು, ಮೊದಲ ಕೆಲವು ತಿಂಗಳಲ್ಲೇ ಗೆರೆ ಬಿಟ್ಟು ಏರುತ್ತದೆ. ಪ್ರೇಡರ್-ವಿಲ್ಲಿ ಸಿಂಡ್ರೋಮ್ ಅನ್ನುವ ಇನ್ನೊಂದು ಜೆನೆಟಿಕ್ ತೊಂದರೆ ಇದಕ್ಕೆ ಪೂರ್ತಿ ಉಲ್ಟಾ. ಹುಟ್ಟಿದಾಗ ಮೈ ಮೆತ್ತಗೆ, ಹಾಲು ಚೀಪಲೂ ಶಕ್ತಿ ಇಲ್ಲ, ತೂಕ ಏರದೆ ಎಲ್ಲರೂ ಒದ್ದಾಡಿರುತ್ತಾರೆ. ಬೊಜ್ಜು, ಹಸಿವು ಎಲ್ಲ ಶುರುವಾಗುವುದು ಆಮೇಲೆ.

ಎತ್ತರದ ಗೆರೆಯನ್ನು ಯಾರೂ ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಬರೀ ಜಾಸ್ತಿ ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ಎತ್ತರವೂ ಇರುತ್ತದೆ. ಒಂದೇ ಜೀನಿನಿಂದ ಬರುವ ಬೊಜ್ಜುಗಳಲ್ಲಿ ಅತಿ ಹೆಚ್ಚು ಕಾಣಿಸುವ ಎಂಸಿ4ಆರ್ ಅನ್ನುವ ಜೀನಿನ ದೋಷದಲ್ಲೂ ಹಾಗೆಯೇ. ತೂಕ ಏರುತ್ತಾ ಎತ್ತರ ನಿಂತೇಹೋದರೆ ಥೈರಾಯ್ಡ್ ಅಥವಾ ಕಾರ್ಟಿಸಾಲ್ ಹಾರ್ಮೋನಿನ ತೊಂದರೆ ಇರಬಹುದು, ಅದನ್ನು ಮೊದಲು ನೋಡಬೇಕು. ಸ್ಟೀರಾಯ್ಡ್‌ನಿಂದಲೂ ಹೀಗಾಗಬಹುದು, ಹಾಗಾಗಿ ಮಗುವಿಗೆ ಕೊಟ್ಟ ಸ್ಟೀರಾಯ್ಡ್ ಸಿರಪ್, ಹಚ್ಚಿದ ಮುಲಾಮು ಎಲ್ಲದರ ಹೆಸರೂ ಬೇಕು.

ಮೂರನೆಯದು ಹಸಿವಿನ ದಿನಚರಿ, ಒಂದು ವಾರ. "ತುಂಬಾ ತಿನ್ನುತ್ತೆ" ಅಂದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಊಟ ಮುಗಿದು ಎಷ್ಟು ನಿಮಿಷಕ್ಕೆ ಮತ್ತೆ ಕೇಳಿತು, ಆಟಕ್ಕೆ ಎಳೆದರೆ ಮರೆಯಿತಾ, ರಾತ್ರಿ ಎದ್ದಿತಾ, ಬೇಯಿಸದ್ದನ್ನೂ ತಿಂದಿತಾ ಅಂತ ಬರೆಯಿರಿ. ಒಬ್ಬ ತಾಯಿ ತಂದಿದ್ದ ನೋಟ್‌ಬುಕ್‌ನಲ್ಲಿ ಹೀಗಿತ್ತು: "ರಾತ್ರಿ 2:40. ಅಡುಗೆಮನೆ ಕತ್ತಲು. ಕಸದ ಬುಟ್ಟಿಯ ಮುಚ್ಚಳ ತೆಗೆದು ಕೂತಿದ್ದ. ಮಲಗುವ ಮುಂಚೆ ಎರಡು ಸಲ ಊಟ ಮಾಡಿದ್ದ." ಆ ನಾಲ್ಕು ಸಾಲು ಓದಿದ ಮೇಲೆ ವೈದ್ಯರು ಆಕೆಯನ್ನು ಏನು ತಿನ್ನಿಸ್ತೀರಿ ಎಂದು ಕೇಳಲಿಲ್ಲ.

ಇದು ಹಟವಲ್ಲ. ದೇಹದ ಕೊಬ್ಬು ಲೆಪ್ಟಿನ್ ಬಿಡುತ್ತದೆ, ದಾಸ್ತಾನು ಸಾಕಷ್ಟಿದೆ ಅನ್ನುವ ಸುದ್ದಿ ಅದರಿಂದಲೇ ಮಿದುಳಿಗೆ ಮುಟ್ಟುವುದು. ಸುದ್ದಿ ಮುಟ್ಟದಿದ್ದರೆ ಮಿದುಳು ಉಪವಾಸ ಅಂತಲೇ ತಿಳಿಯುತ್ತದೆ. 1997ರಲ್ಲಿ ಇಂಗ್ಲೆಂಡಿನ ವೈದ್ಯರು ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಇಲ್ಲದಿರುವುದನ್ನು ಪತ್ತೆ ಮಾಡಿದಾಗ 8 ವರ್ಷದ ಹುಡುಗಿ 86 ಕಿಲೋ, 2 ವರ್ಷದ ಹುಡುಗ 29 ಕಿಲೋ ಇದ್ದರು. ಮುಂದೆ ಆ ಹುಡುಗಿಗೆ ಲೆಪ್ಟಿನ್ ಇಂಜೆಕ್ಷನ್ ಶುರು ಮಾಡಿದಾಗ ಕೆಲವೇ ದಿನಗಳಲ್ಲಿ ಹಸಿವು ಇಳಿಯಿತು.

ನಾಲ್ಕನೆಯದು, ಬೊಜ್ಜಿಗೆ ಸಂಬಂಧವೇ ಇಲ್ಲ ಅನಿಸುವ ಸಂಗತಿಗಳು. ಹುಟ್ಟಿದಾಗ ಆರನೇ ಬೆರಳಿತ್ತಾ? ಆಗಲೇ ತೆಗೆಸಿ ಮರೆತೇಬಿಟ್ಟಿರುತ್ತಾರೆ, ಆದರೆ ಬೊಜ್ಜಿನ ಜೊತೆ ಕಣ್ಣಿಗೂ ತೊಂದರೆ ತರುವ ಜೆನೆಟಿಕ್ ಕಾಯಿಲೆ ಬಾರ್ಡೆಟ್-ಬೀಡಲ್ ಸಿಂಡ್ರೋಮ್‌ಗೆ ಅದು ದೊಡ್ಡ ಸುಳಿವು. ಕತ್ತಲಲ್ಲಿ ಎಡವುವುದೂ ಅದರದ್ದೇ. ಶಿಶುವಾಗಿದ್ದಾಗ ನಿಲ್ಲದ ಭೇದಿ ಇದ್ದರೆ ಪಿಸಿಎಸ್‌ಕೆ1, ಕೆಂಪು ಕೂದಲಿದ್ದರೆ ಪಿಒಎಂಸಿ ಅನ್ನುವ ಜೀನಿನ ದೋಷ ನೆನಪಾಗಬೇಕು. ಕೂದಲು ಕಪ್ಪಗಿದೆ ಅಂತ ಎರಡನೆಯದನ್ನು ಕೈಬಿಡಬೇಡಿ. ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರೆ ಸಂಕೋಚ ಬಿಟ್ಟು ಹೇಳಿ.

ಇಷ್ಟಾದ ಮೇಲೆ ಪರೀಕ್ಷೆ. ರಕ್ತ ಕೊಡುವುದು ಎರಡು ನಿಮಿಷದ ಕೆಲಸ. ಯಾವ ಪರೀಕ್ಷೆ ಅನ್ನುವುದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಪ್ರೇಡರ್-ವಿಲ್ಲಿಗೆ ಮೆಥಿಲೇಷನ್ ಅನ್ನುವ ಪರೀಕ್ಷೆ ಬೇರೆಯೇ ಇದೆ, ಬೊಜ್ಜಿನ ಜೀನ್ ಪ್ಯಾನೆಲ್ (ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ) ಸರಿಯಾಗಿ ಬಂತು ಅಂತ ಅದಿಲ್ಲ ಎನ್ನಲಾಗುವುದಿಲ್ಲ. ಎಂಜಲು ಕಳಿಸಿ ವರದಿ ತರಿಸುವ ಕಿಟ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಅವು ಹೆಚ್ಚಾಗಿ ನೋಡುವುದು ಎಫ್‌ಟಿಒ ತರಹದ ಜೀನ್‌ಗಳ, ಎಷ್ಟೋ ಜನರಲ್ಲಿರುವ ಸಣ್ಣ ವ್ಯತ್ಯಾಸಗಳನ್ನು. ಎಫ್‌ಟಿಒದ ಆ ವ್ಯತ್ಯಾಸ ಅಪ್ಪ ಅಮ್ಮ ಇಬ್ಬರಿಂದಲೂ ಬಂದು ಎರಡು ಪ್ರತಿ ಇದ್ದರೂ ದೊಡ್ಡವರಲ್ಲಿ ಸರಾಸರಿ 3 ಕಿಲೋ ಹೆಚ್ಚು, ಅಷ್ಟೇ. ಪುಟ್ಟ ಮಗುವಿನ ವಿಪರೀತ ಬೊಜ್ಜಿಗೆ ಅದು ಉತ್ತರವಲ್ಲ.

ವರದಿಯಲ್ಲಿ ವಿಯುಎಸ್ ಅಂತಿದ್ದರೆ ಗಾಬರಿ ಬೇಡ, ಸಂಭ್ರಮವೂ ಬೇಡ. ಜೀನಿನಲ್ಲಿ ಒಂದು ಬದಲಾವಣೆ ಇದೆ, ಅದರಿಂದಲೇ ತೊಂದರೆಯಾ ಎಂದು ಹೇಳಲು ಸದ್ಯಕ್ಕೆ ಆಗುವುದಿಲ್ಲ, ಅಷ್ಟೇ ಅದರ ಅರ್ಥ. ಹೆಚ್ಚಾಗಿ ಅಪ್ಪ ಅಮ್ಮನ ರಕ್ತವನ್ನೂ ನೋಡಬೇಕಾಗುತ್ತದೆ. ಏನೂ ಸಿಗದಿದ್ದರೆ "ಹಾಗಾದ್ರೆ ತಪ್ಪು ನಿಮ್ಮದೇ" ಅಂತ ಯಾರಿಂದಲೂ ಅನ್ನಿಸಿಕೊಳ್ಳಬೇಡಿ, ಇನ್ನೂ ಪತ್ತೆಯಾಗದ ಜೀನ್‌ಗಳು ಎಷ್ಟೋ ಇವೆ. ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಿದ್ದರೆ ಮುಂದಿನ ಪ್ರತಿ ಬಸಿರಿನಲ್ಲೂ 4ರಲ್ಲಿ 1ರಷ್ಟು ಸಾಧ್ಯತೆ ಇರುತ್ತದೆ, ಅದನ್ನು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ.

ಔಷಧ ಕೆಲವಕ್ಕೆ ಇದೆ. ಪಿಒಎಂಸಿ, ಪಿಸಿಎಸ್‌ಕೆ1, ಲೆಪ್ಟಿನ್ ರಿಸೆಪ್ಟರ್ (ಲೆಪ್ಟಿನ್ ತರುವ ಸುದ್ದಿಯನ್ನು ಹಿಡಿಯುವ ಭಾಗ) ದೋಷಗಳಿಗೆ ಸೆಟ್‌ಮೆಲನೋಟೈಡ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಬಾರ್ಡೆಟ್-ಬೀಡಲ್‌ಗೂ. ಅದರಿಂದ ಚರ್ಮ ಕಪ್ಪಾಗುತ್ತದೆ, ಮೊದಲೇ ತಿಳಿದಿರಲಿ. ಹಸಿವು ಇಂಗಿಸುವ ಪುಡಿಗಳನ್ನು ಮಗುವಿನ ಹತ್ತಿರವೂ ತರಬೇಡಿ.

ಫಲಿತಾಂಶ ಬರುವವರೆಗೆ ಊಟದ ಹೊತ್ತು ಬದಲಿಸಬೇಡಿ, ತಟ್ಟೆಗೆ ಅಳತೆ ಇರಲಿ, ತಿಂಡಿ ಕಣ್ಣಿಗೆ ಬೀಳದಿರಲಿ. ಫ್ರಿಜ್ಜಿಗೆ ಬೀಗ ಹಾಕಲೇಬೇಕಾದರೆ ಆ ಬೀಗ ಮನೆಯ ಎಲ್ಲರಿಗೂ ಅನ್ವಯವಾಗಲಿ. ಮಗುವಿನ ಎದುರು ಅಣ್ಣನೊಬ್ಬ ಕೀಲಿ ತೆಗೆದು ತಿನ್ನುವಂತೆ ಆಗಬಾರದು.